ಯಾರದೋ ಕೊಡೆ

ಯುಗಾದಿ ಹತ್ತಿರ ಬಂದರೆ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ವಿಡಿಯೋಗಳ ಕಾಟ ಶುರು. 500 ರೂಪಾಯಿ ಒಳಗೆ ಮನೆಯನ್ನು ಹೊಸದು ಮಾಡುವುದು ಹೇಗೆ, ಹಳೇ ಡಬ್ಬದಲ್ಲಿ ಏನೇನು ಮಾಡಬಹುದು, ಈ ತರಹದ್ದು. ಮೊನ್ನೆ ಅಕ್ಕನ ಮಗಳು ಕಳಿಸಿದ್ದರಲ್ಲಿ ಬಿಳಿ ಗೋಡೆ, ಬಿಳಿ ಸೋಫಾ, ಪಕ್ಕದಲ್ಲಿ ಒಂದು ಗಾಜಿನ ಬಾಟಲಿ ಇತ್ತು. ಬಾಟಲಿಯಲ್ಲಿ ನಾಲ್ಕು ಎಳೆ ಒಣಹುಲ್ಲು. ಅದಕ್ಕೆ 199 ರೂಪಾಯಿಯಂತೆ. ನಮ್ಮ ಕೊಟ್ಟಿಗೆಯ ಅಟ್ಟದ ತುಂಬ ಅದೇ ಇದೆ. ದನ ಇಷ್ಟು ವರ್ಷ ಅಲಂಕಾರ ತಿನ್ನುತ್ತಿದೆ ಅಂತ ನಮಗೆ ಗೊತ್ತೇ ಇರಲಿಲ್ಲ.

ವಿಡಿಯೋದ ಹುಡುಗಿ ಕೊನೆಗೆ ನಗುತ್ತಾ ಹೇಳಿದಳು, ‘ವಸಂತ ಬಂತು, ಬೇಡದ್ದನ್ನೆಲ್ಲ ಹೊರಗೆ ಹಾಕಿ’ ಅಂತ.

ಇದು ಹಿಮ ಬೀಳುವ ಊರಿನವರ ಮಾತು. ಅಲ್ಲಿ ಚಳಿಗಾಲ ಪೂರ್ತಿ ಕಿಟಕಿ ಬಾಗಿಲು ಹಾಕಿಕೊಂಡು, ಒಳಗೆ ಸೌದೆಯೋ ಕಲ್ಲಿದ್ದಲೋ ಉರಿಸಿಕೊಂಡು ಕೂರುತ್ತಿದ್ದರು. ಗೋಡೆ, ಪರದೆ, ಹಾಸಿಗೆ ಎಲ್ಲಕ್ಕೂ ಮಸಿ. ಬಿಸಿಲು ಬಿದ್ದ ಕೂಡಲೇ ಎಲ್ಲ ಹೊರಗೆ ಎಳೆದು ಝಾಡಿಸುತ್ತಿದ್ದರು. ಸರಿಯೇ. ಆದರೆ ನಾವು ಬಾಗಿಲು ಹಾಕಿಕೊಂಡು ಕೂರುವುದು ಮಳೆಗಾಲದಲ್ಲಿ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ತೀರ್ಥಹಳ್ಳಿ ಕಡೆಯ ನಮ್ಮೂರಿಗೆ ಅಷ್ಟಿಲ್ಲ, ಆದರೂ ಆಷಾಢದಲ್ಲಿ ಒಗೆದ ಪಂಚೆ ಒಲೆಯ ಮೇಲೇ ಒಣಗಬೇಕು. ಹಾಗಾಗಿ ವಸಂತ ಅಂದರೆ ನಮಗೆ ಒಳಗೆ ತುಂಬಿಸಿಕೊಳ್ಳುವ ಕಾಲ. ಸೌದೆ ಒಟ್ಟಬೇಕು. ಹಪ್ಪಳ ಸಂಡಿಗೆ ಆಗಬೇಕು. ಮಾವಿನ ಮಿಡಿ ಉಪ್ಪಿಗೆ ಬೀಳಬೇಕು. ಭರಣಿ, ಡಬ್ಬ, ಗೋಣಿಚೀಲ, ಹಗ್ಗ ಯಾವುದನ್ನೂ ಬಿಸಾಡುವ ಹಾಗಿಲ್ಲ. ಇದನ್ನೆಲ್ಲ ಗ್ರೂಪಿನಲ್ಲಿ ಬರೆದೆ. ಉತ್ತರಕ್ಕೆ ಒಂದು ಹೆಬ್ಬೆಟ್ಟು ಬಂತು.

ಹಬ್ಬಕ್ಕೆ ಅವಳೇ ಬಂದಳು. ಬೆಂಗಳೂರಿನಿಂದ ಗೋಡೆಗೆ ಅಂಟಿಸುವ ಕಾಗದದ ಸುರುಳಿ ಬೇರೆ ತಂದಿದ್ದಳು. ಇಟ್ಟಿಗೆ ಗೋಡೆಯ ಚಿತ್ರ ಅದರಲ್ಲಿ. ಮಣ್ಣಿನ ಗೋಡೆಯ ಮೇಲೆ ಇಟ್ಟಿಗೆಯ ಚಿತ್ರ ಯಾಕೆ ಅಂತ ಕೇಳಿದರೆ ‘ಲುಕ್ ಮಾವ, ಲುಕ್’ ಅಂದಳು. ಮಣ್ಣಿನ ಗೋಡೆ ಮಳೆಯಲ್ಲಿ ತೇವ ಎಳೆದುಕೊಳ್ಳುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಸುಣ್ಣ ಬಳಿದರೆ ಅದಕ್ಕೆ ಅಡ್ಡಿಯಿಲ್ಲ, ಬೂಷ್ಟು ಹಿಡಿಯುವುದೂ ಕಮ್ಮಿ. ಒಂಚೂರು ನೀಲಿ ಸೇರಿಸಿದರೆ ನೋಡುವುದಕ್ಕೂ ಚೆಂದ. ಪ್ಲಾಸ್ಟಿಕ್ ಪೇಂಟು ಬಳಿದ ಮನೆಗಳನ್ನು ನೋಡಿದ್ದೇನೆ. ಎರಡನೇ ಮಳೆಗಾಲಕ್ಕೆ ಪೇಂಟು ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಉಬ್ಬಿರುತ್ತದೆ. ಇನ್ನು ಅಂಟಿಸಿದ ಕಾಗದ ಕೇಳಬೇಕೆ? ನಮ್ಮ ಪಕ್ಕದ ಮನೆಯಲ್ಲಿ ಹೋದ ವರ್ಷ ಅಂಟಿಸಿದ್ದು ಜುಲೈ ತಿಂಗಳಲ್ಲಿ ತಾನಾಗಿಯೇ ಕೆಳಗಿಳಿದು ಬಂತು.

ಗೋಡೆ ಅಂದ ಮಾಡುವ ಆಸೆ ಇದ್ದರೆ ಸಾಗರ, ಸೊರಬದ ಕಡೆ ಹೋಗಿ ದೀವರ ಹೆಂಗಸರು ಬರೆಯುವ ಹಸೆ ಚಿತ್ತಾರ ನೋಡು ಅಂದೆ. ಕೆಮ್ಮಣ್ಣು ಬಳಿದ ಗೋಡೆ. ನೆನೆಸಿ ಅರೆದ ಅಕ್ಕಿಯ ಬಿಳಿ, ಕಪ್ಪಾಗುವ ತನಕ ಹುರಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ಕುಂಚ ಪುಂಡಿ ನಾರಿನದು. ಅಂಗಡಿಗೆ ಹೋಗುವ ಕೆಲಸವೇ ಇಲ್ಲ. ಮದುವೆ ಬಂತೆಂದರೆ ಆ ಗೋಡೆ ಮುಂದೆ ಕೂತು ಎಳೆ ಮೇಲೆ ಎಳೆ ಎಳೆಯುತ್ತಾರೆ. ‘ಅದರ ಸ್ಟಿಕ್ಕರ್ ಸಿಗುತ್ತಾ ಮಾವ?’ ಅಂದಳು. ನಾನು ಎದ್ದು ತೋಟಕ್ಕೆ ಹೋದೆ.

ವಾಪಸು ಬರುವಷ್ಟರಲ್ಲಿ ಬಾಗಿಲ ಮೂಲೆಯಲ್ಲಿದ್ದ ಕೊಡೆಗಳೆಲ್ಲ ಜಗಲಿಯಲ್ಲಿ ಸಾಲಾಗಿ ಮಲಗಿದ್ದವು. ಬಟ್ಟೆ ಇದ್ದು ಕಡ್ಡಿ ಇಲ್ಲದವು, ಕಡ್ಡಿ ಇದ್ದು ಬಟ್ಟೆ ಇಲ್ಲದವು, ಎರಡೂ ಇದ್ದು ಬಿಚ್ಚದವು, ಬಿಚ್ಚಿದರೆ ಮುಚ್ಚದವು. ಸರಿಯಾಗಿ ಇದ್ದದ್ದು ಒಂದೇ ಒಂದು.

‘ಮರಿಯೆ ಕೊಂಡೊ ಅಂತ ಜಪಾನಿನವರು ಒಬ್ಬರು ಇದ್ದಾರೆ ಮಾವ. ಒಂದೊಂದೇ ವಸ್ತುವನ್ನು ಕೈಯಲ್ಲಿ ಹಿಡಿದುಕೊಳ್ಳಬೇಕಂತೆ. ಖುಷಿ ಆದರೆ ಇಟ್ಟುಕೊಳ್ಳೋದು. ಇಲ್ಲದಿದ್ದರೆ ಥ್ಯಾಂಕ್ಸ್ ಹೇಳಿ ಕಳಿಸೋದು.’

ಕೊಡೆ ಹಿಡಿದು ಯಾರಿಗೆ ಖುಷಿಯಾಗುತ್ತದೆ ಹೇಳಿ. ಖುಷಿಗೆ ಇಟ್ಟುಕೊಂಡದ್ದಲ್ಲ ಅದು. ಮುರಿದ ಕೊಡೆಯ ಬಾಗಿದ ಹಿಡಿಕೆಯಿಂದ ದಾಸವಾಳದ ಗೆಲ್ಲು ಎಳೆಯಬಹುದು. ಕಸ ಕಟ್ಟಿದ ಪೈಪನ್ನು ಕಡ್ಡಿಯಿಂದ ಚುಚ್ಚಬಹುದು, ಕೆಂಡದಲ್ಲಿ ಹಾಕಿದ ಗೆಣಸು ಬೆಂದಿದೆಯಾ ನೋಡಬಹುದು. ಮೇ ತಿಂಗಳಲ್ಲಿ ಪೇಟೆಯಲ್ಲಿ ರಿಪೇರಿಯವನು ಕೂತಾಗ ಮೂರು ಕೊಟ್ಟರೆ ಒಂದು ಮಾಡಿಕೊಡುತ್ತಾನೆ. ಇದನ್ನೆಲ್ಲ ಹೇಳುತ್ತಿರುವಾಗಲೇ ಅವಳು ಒಂದನ್ನು ಎತ್ತಿ ಬಿಚ್ಚಿದಳು. ಒಳಬದಿಯಲ್ಲಿ ಬಿಳಿ ಪೇಂಟಿನ ಅಕ್ಷರ. ಕೆ.ಎಸ್.

‘ಇದು ಯಾರದು?’

ಅದು ಗೊತ್ತಿದ್ದಿದ್ದರೆ ನಮ್ಮ ಚಿಕ್ಕಪ್ಪ ನೆಮ್ಮದಿಯಿಂದ ಸಾಯುತ್ತಿದ್ದರು.

ಹೊಸನಗರದ ಆಚೆ ಒಂದು ಮನೆಯಲ್ಲಿ ಶ್ರಾವಣದ ಸತ್ಯನಾರಾಯಣ ಪೂಜೆ. ಜಗಲಿ ತುಂಬ ಕೊಡೆ. ಎಲ್ಲವೂ ಕಪ್ಪು, ಎಲ್ಲಕ್ಕೂ ಬಾಗಿದ ಹಿಡಿಕೆ. ಗುರುತಿಗೆ ಅಂತ ಕೆಲವರು ಹೆಸರು ಬರೆಸುತ್ತಿದ್ದರು, ಕೆಲವರು ಅಂಚಿಗೆ ಬಣ್ಣದ ನೂಲು ಹೊಲಿಸುತ್ತಿದ್ದರು. ಚಿಕ್ಕಪ್ಪನದು ಕೆಂಪು ನೂಲು. ಹೊರಡುವ ಹೊತ್ತಿಗೆ ಕರೆಂಟು ಹೋಯಿತು. ಕತ್ತಲಲ್ಲಿ ಕೈಗೆ ಸಿಕ್ಕಿದ್ದನ್ನು ಹಿಡಿದು ಬಂದು ಲಾಟೀನು ಬೆಳಕಲ್ಲಿ ನೋಡಿದರೆ ನೂಲಿಲ್ಲ, ಈ ಕೆ.ಎಸ್. ಇದೆ.

ಬೇರೆಯವರ ವಸ್ತು ಮನೆಯಲ್ಲಿ ಉಳಿಯಬಾರದು ಅಂತ ಮರುದಿನ ಅಲ್ಲಿಗೆ ಹೊರಟರು. ಜೋರು ಮಳೆ. ಬೇರೆಯವರ ಕೊಡೆ ನೆನೆಸುವುದು ಸರಿಯಲ್ಲ ಅಂತ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, ತಾವು ಕಂಬಳಿ ಕೊಪ್ಪೆ ಹಾಕಿಕೊಂಡು ಹೋದರಂತೆ. ಪೂಜೆಗೆ ಬಂದಿದ್ದವರಲ್ಲಿ ಮೂವರು ಕೆ.ಎಸ್. ಇದ್ದರು. ಒಬ್ಬರು ರೈನ್‌ಕೋಟಿನಲ್ಲಿ ಬಂದಿದ್ದರು. ಒಬ್ಬರ ಕೊಡೆ ಅವರ ಮನೆಯಲ್ಲೇ ನೇತಾಡುತ್ತಿತ್ತು. ಮೂರನೆಯವರಿಗೆ ಸಿಟ್ಟೇ ಬಂತು. ‘ಕೊಡೆ ಕಳೆದುಕೊಳ್ಳುವ ಜಾತಕ ನನ್ನದಲ್ಲ’ ಅಂದರಂತೆ.

ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ. ಮಲೆನಾಡಿನಲ್ಲಿ ಕೆ ಅಂದರೆ ಕೊಪ್ಪವೋ ಕಳಸವೋ ಕೋಣಂದೂರೋ ಕಮ್ಮರಡಿಯೋ. ಎಸ್ ಅಂದರೆ ಸುಬ್ಬಣ್ಣ, ಶ್ರೀನಿವಾಸ, ಶಂಕರ, ಶೇಷಪ್ಪ. ಮದುವೆ ಮನೆ, ಅಡಿಕೆ ಮಂಡಿ, ಬಸ್ ಸ್ಟ್ಯಾಂಡು, ಎಲ್ಲಿ ಹೋದರೂ ಆ ಕೊಡೆ ಜೊತೆಗೆ ಇರುತ್ತಿತ್ತು. ಪರಿಚಯ ಆದ ಕೂಡಲೇ ಇನಿಷಿಯಲ್ ಕೇಳುತ್ತಿದ್ದರು. ಮನೆಗೆ ಹೆಣ್ಣು ನೋಡಲು ಬಂದವರನ್ನೂ ಬಿಡಲಿಲ್ಲ. ಒಂದು ಸಲ ಶಿವಮೊಗ್ಗದ ಯಾವುದೋ ಬ್ಯಾಂಕಿನಲ್ಲಿ ಕ್ಯಾಷಿಯರನ ಮುಂದೆ ಕೆ.ಎಸ್. ಅಂತ ಹೆಸರಿನ ಹಲಗೆ ಕಂಡಿತು. ಇವರು ಮಾತಿಲ್ಲದೆ ಕಿಂಡಿಯಿಂದ ಕೊಡೆಯ ತುದಿ ಒಳಗೆ ತೂರಿಸಿದರು. ಆ ಹುಡುಗ ಹೆದರಿ ಕುರ್ಚಿ ಸಮೇತ ಹಿಂದೆ ಸರಿದ. ಕಾವಲಿನವನು ಓಡಿ ಬಂದ. ವಿಷಯ ತಿಳಿದ ಮೇಲೆ ಕ್ಯಾಷಿಯರ್ ಹೇಳಿದ್ದು ಇಷ್ಟು, ‘ನಾನು ಬಳ್ಳಾರಿಯವನು ಸಾರ್. ನಾವು ಕೊಡೆ ಇಟ್ಕೊಳ್ಳೋದೇ ಇಲ್ಲ.’

ತಮ್ಮ ಕೆಂಪು ನೂಲಿನ ಕೊಡೆ ಯಾರ ಮನೆಯಲ್ಲಿದೆ ಅಂತ ಅವರು ಒಂದು ದಿನವೂ ಹುಡುಕಲಿಲ್ಲ. ‘ಅವನು ಮನುಷ್ಯ ಆಗಿದ್ದರೆ ತಾನೇ ಹುಡುಕಿಕೊಂಡು ಬರುತ್ತಿದ್ದ’ ಅನ್ನುತ್ತಿದ್ದರು. ಕೊನೆಕೊನೆಗೆ ಆ ಕೆ.ಎಸ್. ಮೇಲೆ ದ್ವೇಷವೇ ಬೆಳೆದಿತ್ತು. ಆದರೂ ವರ್ಷಕ್ಕೊಮ್ಮೆ ಕೊಡೆ ಬಿಚ್ಚಿ, ಕೀಲಿಗೆ ಎಣ್ಣೆ ಬಿಟ್ಟು, ಬಿಸಿಲಿಗೆ ಇಡುತ್ತಿದ್ದರು. ತಮ್ಮ ಕೊಡೆಗಳಿಗೆ ಆ ಯೋಗ ಇರಲಿಲ್ಲ.

ಇಷ್ಟೂ ಕೇಳಿ ಅಕ್ಕನ ಮಗಳು ಅಂದಳು, ‘ಇದನ್ನ ತಲೆಕೆಳಗಾಗಿ ಮಾಡಿ ತೊಲೆಗೆ ತೂಗು ಹಾಕಿ, ಒಳಗೆ ಸೀರಿಯಲ್ ಲೈಟ್ ಬಿಡೋಣ ಮಾವ. ಖರ್ಚು 150 ಅಷ್ಟೇ.’

ನಾಳೆ ಕೆ.ಎಸ್. ಬಂದು ಕೇಳಿದರೆ ಏನು ಹೇಳುವುದು? ಈ ಅಲಂಕಾರ ಹೇಳಿಕೊಡುವವರ ಮೇಲೆ ನನಗೆ ಇರುವ ದೊಡ್ಡ ಸಿಟ್ಟು ಇದೇ. ಮನೆಯಲ್ಲಿರುವುದೆಲ್ಲ ಮನೆಯವರದೇ ಅಂದುಕೊಂಡಿದ್ದಾರೆ. ನಮ್ಮ ಅಟ್ಟದಲ್ಲಿ ಪಕ್ಕದ ಮನೆಯ ಕೊಳಗ ಇದೆ, ದಾಯಾದಿಗಳ ಒನಕೆ ಇದೆ, ಯಾರೋ ಬಿಟ್ಟುಹೋದ ಟ್ರಂಕಿದೆ. ನಮ್ಮ ಏಣಿ ಮೂರನೇ ಮನೆಯಲ್ಲಿದೆ. ಯಾರು ಯಾವುದಕ್ಕೆ ಥ್ಯಾಂಕ್ಸ್ ಹೇಳಿ ಕಳಿಸುವುದು?

ಕಡೆಗೆ ಒಂದು ಒಪ್ಪಂದವಾಯಿತು. ತೂತು ಬಿದ್ದ ಹಳೇ ಹಂಡೆಗೆ ಬಿಳಿ ಬಣ್ಣ ಬಳಿದು ಜಗಲಿಯಲ್ಲಿ ಇಟ್ಟಳು. ಕೊಡೆಗಳೆಲ್ಲ ಅದರಲ್ಲಿ ನಿಂತವು. ಫೋಟೋ ಗ್ರೂಪಿಗೆ ಹೋಯಿತು, ಅವಳು ಬೆಂಗಳೂರಿಗೆ ಹೋದಳು.

ಮೊನ್ನೆ ದೂರದ ನೆಂಟರೊಬ್ಬರು ಗೃಹಪ್ರವೇಶಕ್ಕೆ ಕರೆಯಲು ಬಂದರು. ಕಾಫಿ ಕುಡಿದು ಹೊರಡುವಾಗ ಹಂಡೆ ನೋಡಿ ನಿಂತರು.

‘ಅರೇ, ನನ್ನ ಕೊಡೆ! ಆ ವರ್ಷ ನಿಮ್ಮಲ್ಲೇ ಬಿಟ್ಟಿದ್ದು ಅಂತ ನಾನು ಹೇಳ್ತಾನೇ ಇದ್ದೆ.’

ನನ್ನ ಎದೆ ಹೊಡೆದುಕೊಂಡಿತು. ‘ಕೆ.ಎಸ್. ಅಂತ ಇದೆಯಾ ನೋಡಿ’ ಅಂದೆ.

‘ಯಾವ ಕೆ.ಎಸ್.? ನಾನು ಎಂ.ಆರ್. ಅಲ್ವಾ’ ಅಂದವರೇ ಸರಿಯಾಗಿದ್ದ ಆ ಒಂದೇ ಕೊಡೆಯನ್ನು ಎತ್ತಿಕೊಂಡು, ಬಿಚ್ಚಿ ನೋಡಿ, ಹೊರಟೇಬಿಟ್ಟರು. ಅಕ್ಷತೆ ಕೊಟ್ಟು ಕರೆದವರ ಕೈಯಿಂದ ಕೊಡೆ ಕಿತ್ತುಕೊಳ್ಳಲು ಆಗುತ್ತದಾ? ಮೂಲೆಯಲ್ಲೇ ಇದ್ದಿದ್ದರೆ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ ಅಂತ ನನ್ನ ಹೆಂಡತಿ ಇವತ್ತಿಗೂ ಹೇಳುತ್ತಿದ್ದಾಳೆ.

ಮರುದಿನ ಪೇಟೆಯಲ್ಲಿ ಹೊಸ ಕೊಡೆಗೆ 450 ರೂಪಾಯಿ ಕೊಟ್ಟೆ. ಅಂಚಿಗೆ ಕೆಂಪು ನೂಲು ಹೊಲಿದು ಕೊಡ್ತೀರಾ ಅಂತ ಕೇಳಿದೆ. ಈಗ ಆ ನೂಲು ಯಾರೂ ಹಾಕಲ್ಲ, ಬೇಕಾದರೆ ಹೆಸರು ಬರೀತೀನಿ, ಅದಕ್ಕೆ 20 ಬೇರೆ ಅಂದ ಅಂಗಡಿಯವನು.