ಸಿವಿಲ್ ತ್ರೀಡಿ ಬಂದರೂ ಸರ್ವೆ ತಪ್ಪದು

‘ರಸ್ತೆ ವಿನ್ಯಾಸದ ತಂತ್ರಾಂಶ ಸಿವಿಲ್ ತ್ರೀಡಿಯ ಹೊಸ ಆವೃತ್ತಿ ಉಪಗ್ರಹ ನಕ್ಷೆಯಿಂದಲೇ ರಸ್ತೆ ವಿನ್ಯಾಸ ಮಾಡಿಕೊಡುತ್ತದೆ, ಇನ್ನು ಸರ್ವೆ ಬೇಕಿಲ್ಲ’ ಎಂಬ ಸಂದೇಶ ಹಾಸನದ ಗುತ್ತಿಗೆದಾರರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಈ ತಂತ್ರಾಂಶದ ಗ್ರೇಡಿಂಗ್ ಆಪ್ಟಿಮೈಸೇಶನ್ ಎಂಬ ಸೌಲಭ್ಯ ಅಗೆದ ಮಣ್ಣು, ತುಂಬುವ ಮಣ್ಣು ಸರಿದೂಗುವಂತೆ ಇಳಿಜಾರು ಹುಡುಕಿಕೊಡುವುದು ನಿಜ, ಒಳ್ಳೆಯ ಸಾಧನವೇ. ಆದರೆ ನೆಲದ ಮಟ್ಟಗಳನ್ನು ನಾವೇ ಕೊಡಬೇಕು. ಉಚಿತವಾಗಿ ಸಿಗುವ ಎಸ್‌ಆರ್‌ಟಿಎಂ ಎಂಬ ನೆಲಮಟ್ಟದ ದತ್ತಾಂಶ 2000ರಲ್ಲಿ ಬಾಹ್ಯಾಕಾಶ ನೌಕೆಯಿಂದ ಅಳೆದದ್ದು, ಸುಮಾರು 30 ಮೀಟರಿಗೊಂದು ಬಿಂದು. ಸಕಲೇಶಪುರದ ಕಾಫಿ ತೋಟದಂಚಿನ ನಾಲ್ಕು ಮೀಟರ್ ಧರೆ, ಅದರ ಬುಡದ ಚರಂಡಿ ಅದರಲ್ಲಿ ಕಾಣುವುದೇ ಇಲ್ಲ. ಸಿಲ್ವರ್ ಓಕ್ ಮರಗಳ ಎತ್ತರವೂ ಒಂದಷ್ಟು ನೆಲಮಟ್ಟದೊಳಗೆ ಸೇರಿಬಿಡುತ್ತದೆ. ಮಳೆಗಾಲದಲ್ಲಿ ಕುಸಿಯುವುದು ಇಂಥ ಧರೆಯೇ. ದಯವಿಟ್ಟು ಟೋಟಲ್ ಸ್ಟೇಷನ್ ಎಂಬ ಸರ್ವೆ ಉಪಕರಣ ಇಟ್ಟು ಅಳೆಯಿರಿ, ಆ ಸಂದೇಶವನ್ನು ಮುಂದಕ್ಕೆ ಕಳುಹಿಸಬೇಡಿ.