ಸಂಬಳವಿಲ್ಲದ ಕ್ಯಾಪ್ಟನ್

14 ಗಂಟೆ ವಿಮಾನದಲ್ಲಿ ಕೂತು ಬಂದವರನ್ನು ಮಾತಾಡಿಸಿ ನೋಡಿ. ಕಾಲು ಊದಿತು, ನಿದ್ದೆ ಹತ್ತಲಿಲ್ಲ, ಪಕ್ಕದವನ ಗೊರಕೆ ಬೇರೆ ಅಂತ ಗೋಳು ಹೇಳಿಕೊಳ್ಳುತ್ತಾರೆ. ಅವರಾದರೂ ಯಾವುದೋ ಒಂದು ಊರು ತಲುಪಿರುತ್ತಾರೆ. ಅದೇ 14 ಗಂಟೆಯನ್ನು ಕಂಪ್ಯೂಟರ್ ಮುಂದೆ ವಿಮಾನ ಹಾರಿಸುವ ಆಟದಲ್ಲಿ ಕಳೆದು, ಅದಕ್ಕೆ ಕೈಯಿಂದ ದುಡ್ಡೂ ಕೊಟ್ಟು, ಎದ್ದಾಗ ಅದೇ ಕೋಣೆಯಲ್ಲಿ ಇರುವವರಿದ್ದಾರೆ. ಅವರನ್ನು ಕ್ಯಾಪ್ಟನ್ ಅನ್ನಬೇಕು. ಇಲ್ಲದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ.

1982ರಲ್ಲಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಬಂದಾಗ ವಿಷಯ ಸರಳವಾಗಿತ್ತು. ಶಿಕಾಗೋದ ಮೀಗ್ಸ್ ಫೀಲ್ಡ್ ವಿಮಾನ ನಿಲ್ದಾಣದಿಂದ ಪುಟ್ಟ ವಿಮಾನ ಹಾರಿಸು, ಪಕ್ಕದ ಮಿಷಿಗನ್ ಸರೋವರಕ್ಕೆ ಬೀಳು, ನಕ್ಕು ಮತ್ತೆ ಶುರು ಮಾಡು. ಈಗ ಹಾಗೆಲ್ಲ ಬೀಳುವಂತಿಲ್ಲ. ಈಗಿರುವುದು ಬೋಯಿಂಗ್ 777ರ ಸ್ಟಡಿ ಲೆವೆಲ್ ಆಡ್-ಆನ್, ಅಂದರೆ ನಿಜವಾದ ವಿಮಾನದ ಒಂದೊಂದು ಸ್ವಿಚ್ಚನ್ನೂ ನಕಲು ಮಾಡಿದ, ಬೇರೆಯಾಗಿ ಕೊಳ್ಳುವ ಸಾಫ್ಟ್‌ವೇರ್. ಬೀಳಬೇಕೆಂದರೂ ಮೊದಲು ಮೇಲೇರಬೇಕು, ಮೇಲೇರುವುದಕ್ಕೆ ಮುಂಚೆ ಮುಕ್ಕಾಲು ಗಂಟೆ ಕೆಲಸವಿದೆ.

ವಿಮಾನ ಸಿಗುವುದು ಕೋಲ್ಡ್ ಅಂಡ್ ಡಾರ್ಕ್ ಸ್ಥಿತಿಯಲ್ಲಿ. ಅಂದರೆ ಒಂದು ದೀಪವೂ ಉರಿಯುತ್ತಿಲ್ಲ. ಕ್ಯಾಪ್ಟನ್ ಬ್ಯಾಟರಿ ಹಾಕುತ್ತಾರೆ, ವಿದ್ಯುತ್ ಕೊಡುವ ಎಪಿಯು ಅನ್ನುವ ಪುಟ್ಟ ಎಂಜಿನ್ ಚಾಲೂ ಮಾಡುತ್ತಾರೆ, ಆಮೇಲೆ ವಿಮಾನದ ದಿಕ್ಕು ಹೇಳುವ ಎಡಿಐಆರ್‌ಯು ಯಂತ್ರದ ಸ್ವಿಚ್ ಒತ್ತಿ ಕೈಕಟ್ಟಿ ಕೂರುತ್ತಾರೆ. ನಿಜವಾದ ವಿಮಾನದಲ್ಲಿ ಈ ಯಂತ್ರದೊಳಗಿನ ಲೇಸರ್ ಗೈರೋಗಳು ಭೂಮಿ ತಿರುಗುವುದನ್ನು ಅಳೆದು ತಾವು ಯಾವ ದಿಕ್ಕಿಗಿದ್ದೇವೆ ಅಂತ ಕಂಡುಕೊಳ್ಳಬೇಕು. ಅದಕ್ಕೆ ವಿಮಾನ ಕದಲದೆ ನಿಂತಿರಬೇಕು, ಹಲವು ನಿಮಿಷ ಹಿಡಿಯುತ್ತದೆ. ಕಂಪ್ಯೂಟರಿನಲ್ಲಿ ಗೈರೋನೂ ಇಲ್ಲ, ತಿರುಗುವ ಭೂಮಿಯೂ ಇಲ್ಲ. ಒಂದು ಗಡಿಯಾರ ಸುಮ್ನೆ ಎಣಿಸುತ್ತಿರುತ್ತದೆ. ಕಾಯುವುದು ಬೇಡ ಅನ್ನುವವರಿಗೆ ಬೇಗ ಮುಗಿಸುವ ಆಯ್ಕೆಯನ್ನೂ ಕೊಟ್ಟಿದ್ದಾರೆ. ಅದನ್ನು ಒತ್ತಿದವರು ಇನ್ನೊಬ್ಬ ಕ್ಯಾಪ್ಟನ್ ಎದುರು ಅದನ್ನು ಬಾಯಿಬಿಡುವುದಿಲ್ಲ.

ಈ ಬಿಡುವಿನಲ್ಲಿ ನೆತ್ತಿಯ ಮೇಲಿನ ಪ್ಯಾನೆಲ್‌ನಲ್ಲಿ ಕ್ಯಾಬಿನ್‌ನ ಉಷ್ಣತೆ ಹೊಂದಿಸಬೇಕು. 300ಕ್ಕೂ ಜಾಸ್ತಿ ಪ್ರಯಾಣಿಕರಲ್ವಾ, ಸೆಕೆಯಾದೀತು. ಒಬ್ಬರೂ ಇಲ್ಲ, ಆದರೂ ಕ್ಯಾಪ್ಟನ್ ಮೌಸ್‌ನಿಂದ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿ 22 ಡಿಗ್ರಿಗೆ ತರುತ್ತಾರೆ. ಅಷ್ಟರಲ್ಲಿ ಮೇಜಿನ ಕೆಳಗಿನ ಗ್ರಾಫಿಕ್ಸ್ ಕಾರ್ಡ್ ಕಾದು ಕೋಣೆಯೆಲ್ಲ ಧಗಧಗ. ಅವರ ಬೆನ್ನಿನಿಂದ ಬೆವರು ಇಳಿಯುತ್ತಿರುತ್ತದೆ.

ಇಂಧನವನ್ನು ಒಂದೇ ಕ್ಲಿಕ್ಕಿನಲ್ಲಿ ತುಂಬಬಹುದು. ಬೇಡ. ನಿಜವಾದ ಟ್ಯಾಂಕರ್ ತೆಗೆದುಕೊಳ್ಳುವಷ್ಟೇ ಹೊತ್ತು ಹಿಡಿಯಬೇಕು. ಲಗೇಜು ಒಂದೊಂದೇ ಹತ್ತಬೇಕು. ಪ್ರಯಾಣಿಕರು ಸಾಲಾಗಿ ನಡೆದು ಬರಬೇಕು, ಅದಕ್ಕೂ ಬೇರೆ ಆಡ್-ಆನ್ ಇದೆ, ಅದಕ್ಕೂ ದುಡ್ಡು. ಪ್ರಯಾಣಿಕರು ಗೊಣಗುವುದಕ್ಕೆ ಮತ್ತೊಂದು. ಜಗತ್ತಿನಲ್ಲಿ ವಿಮಾನ ತಡವಾದರೆ ಜನ ಪರಿಹಾರ ಕೇಳುತ್ತಾರೆ. ಇವರು ತಡವಾಗಲಿ ಅಂತ ಹಣ ಕಟ್ಟುತ್ತಾರೆ.

ವಿಮಾನಯಾನದ ನಕ್ಷೆಗಳ ಮಾಹಿತಿ ಪ್ರಪಂಚದಾದ್ಯಂತ 28 ದಿನಕ್ಕೊಮ್ಮೆ ಬದಲಾಗುತ್ತದೆ. ಅದಕ್ಕೆ ಚಂದಾ. ಕಟ್ಟದಿದ್ದರೆ ವಿಮಾನವೇನೂ ಬೀಳುವುದಿಲ್ಲ, ಮಾಹಿತಿ ಹಳೆಯದಾಗಿದೆ ಅಂತ ಚಿಕ್ಕ ಪರದೆಯ ಮೇಲೆ ಒಂದು ಸಾಲು ಬರುತ್ತದೆ ಅಷ್ಟೆ. ಆ ಒಂದು ಸಾಲನ್ನು ನೋಡಲಾರದೆ ಕಟ್ಟುತ್ತಾರೆ.

ಅಂತೂ ಹಾರಿತು. ಹಾರಿದ ಕೆಲವೇ ಕ್ಷಣಕ್ಕೆ ಆಟೋಪೈಲಟ್. ಮುಕ್ಕಾಲು ಗಂಟೆ ಸಿದ್ಧತೆ ಮಾಡಿದವರ ಕೈಯಲ್ಲಿ ವಿಮಾನ ಇದ್ದದ್ದು ಅಷ್ಟೇ ಹೊತ್ತು. ಇನ್ನು ಸಮುದ್ರ. ಇಂಧನ ಖಾಲಿಯಾಗುತ್ತಾ ವಿಮಾನ ಹಗುರಾದ ಹಾಗೆ ಆಗಾಗ 2,000 ಅಡಿ ಮೇಲೇರಿಸಬೇಕು. ಒಂದು ಗುಂಡಿ ತಿರುಗಿಸಿ ಒತ್ತಿದರೆ ಆಯಿತು. ಮತ್ತೆ ಕೆಲವು ಗಂಟೆ ಕೆಲಸವಿಲ್ಲ.

ಇಂಥ ದೂರದ ದಾರಿಯಲ್ಲಿ ನಿಜವಾದ ಕಂಪನಿಗಳು ಮೂವರನ್ನೋ ನಾಲ್ವರನ್ನೋ ಕಳಿಸುತ್ತವೆ. ಮಲಗಲು ಬಂಕ್ ಇರುತ್ತದೆ, ಪಾಳಿಯ ಮೇಲೆ ಏಳುತ್ತಾರೆ. ಇಲ್ಲಿ ಒಬ್ಬರೇ. ಹಾಗಾಗಿ ಅವರು ಹೋಗಿ ಮಲಗುತ್ತಾರೆ. ವಿಮಾನ ಇಳಿಯಲು ಶುರು ಮಾಡುವ ಜಾಗ, ಅಂದರೆ ಟಾಪ್ ಆಫ್ ಡಿಸೆಂಟ್ ಬಂದಾಗ ಎಲ್ಲವೂ ತಾನಾಗಿಯೇ ನಿಲ್ಲುವ ವ್ಯವಸ್ಥೆ ಇದೆ. ಕ್ಯಾಪ್ಟನ್ ಎದ್ದು ಹಲ್ಲುಜ್ಜಿ ಬರುವವರೆಗೆ 777 ಆಕಾಶದಲ್ಲಿ ಅಲ್ಲಾಡದೆ ನಿಂತಿರುತ್ತದೆ. ಕಾಲದ ವೇಗವನ್ನು ನಾಲ್ಕು ಪಟ್ಟು ಮಾಡಿ ಸಮುದ್ರ ದಾಟುವ ಅನುಕೂಲವೂ ಉಂಟು. ಅದು ಮಾತ್ರ ಮಹಾಪಾಪ, ಅದರಿಂದ ನೈಜತೆ ಹಾಳಾಗುತ್ತದಂತೆ! ಆಕಾಶದಲ್ಲಿ ವಿಮಾನ ನಿಲ್ಲಿಸಿ ಹಲ್ಲುಜ್ಜಿದರೆ ಹಾಳಾಗುವುದಿಲ್ಲ.

ವ್ಯಾಟ್ಸಿಮ್‌ನಲ್ಲಿ ಇಷ್ಟು ಸುಖವಿಲ್ಲ. ಇಂಥ ಕ್ಯಾಪ್ಟನ್‌ಗಳು ಇಂಟರ್ನೆಟ್ಟಿನಲ್ಲಿ ಒಟ್ಟಿಗೆ ಹಾರುವ, 2001ರಿಂದ ನಡೆಯುತ್ತಿರುವ ಜಾಲ ಅದು. ಅಲ್ಲಿ ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್‌ಗಳೂ ನಿಜವಾದ ಮನುಷ್ಯರೇ, ಅವರಿಗೂ ಸಂಬಳವಿಲ್ಲ. 30 ನಿಮಿಷಕ್ಕಿಂತ ಹೆಚ್ಚು ಹೊತ್ತು ಪೈಲಟ್ ಸೀಟು ಬಿಟ್ಟು ಹೋಗುವಂತಿಲ್ಲ ಅನ್ನುವುದು ಅಲ್ಲಿನ ನಿಯಮ. ವರ್ಷಕ್ಕೆರಡು ಸಲ ಅಟ್ಲಾಂಟಿಕ್ ದಾಟುವ ಜಾತ್ರೆ ಏರ್ಪಡಿಸುತ್ತಾರೆ, ಕ್ರಾಸ್ ದ ಪಾಂಡ್ ಅಂತ. ಅದರಲ್ಲಿ ಹಾರುವ ಸರದಿಗೆ, ಅಂದರೆ ಸ್ಲಾಟಿಗೆ ನೂಕುನುಗ್ಗಲು. ಸಿಕ್ಕವರು ವಾರಾಂತ್ಯದ ಮುಖ ನೋಡದೆ ಟ್ಯಾಕ್ಸಿವೇಯಲ್ಲಿ ಒಬ್ಬರ ಬಾಲ ಒಬ್ಬರು ನೋಡುತ್ತಾ ಕಾಯುತ್ತಾರೆ. ಸಿಗದವರು ಅಷ್ಟೂ ಹೊತ್ತು ಅವರನ್ನು ನೋಡಿ ಹೊಟ್ಟೆಕಿಚ್ಚುಪಡುತ್ತಾರೆ.

ಇಳಿಯುವ ಹೊತ್ತು ಬಂತೆಂದರೆ ಮನೆಯವರು ಉಸಿರೆತ್ತುವಂತಿಲ್ಲ. 1974ರಲ್ಲಿ ಅಮೆರಿಕದ ಶಾರ್ಲೆಟ್‌ನಲ್ಲಿ ಪೈಲಟ್‌ಗಳು ಹರಟೆ ಹೊಡೆಯುತ್ತಾ ಎತ್ತರ ಗಮನಿಸದೆ ವಿಮಾನ ನೆಲಕ್ಕೆ ಬಡಿದಿತ್ತು. ಅಂಥ ಅಪಘಾತಗಳಾದ ಮೇಲೆ 1981ರಲ್ಲಿ ಅಲ್ಲಿನ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ನಿಯಮ ಮಾಡಿತು: 10,000 ಅಡಿಗಿಂತ ಕೆಳಗೆ ಕಾಕ್‌ಪಿಟ್‌ನಲ್ಲಿ ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ. ಸ್ಟೆರೈಲ್ ಕಾಕ್‌ಪಿಟ್ ಅಂತ ಅದರ ಹೆಸರು. ಜೀವ ಹೋದ ಮೇಲೆ ಬಂದ ಒಳ್ಳೆಯ ನಿಯಮ. ಅದು ಈಗ ಎಲ್ಲಿಗೆ ಬಂದು ನಿಂತಿದೆ ನೋಡಿ. 

"ರೀ, ಬಾಗಿಲಲ್ಲಿ ಯಾರೋ ಬಂದಿದಾರೆ."

"ಸ್ಟೆರೈಲ್ ಕಾಕ್‌ಪಿಟ್!"

"ಗ್ಯಾಸ್ ಮೇಲೆ ಹಾಲಿಟ್ಟಿದ್ರಲ್ಲ, ಉಕ್ತಿದೆ."

ಉತ್ತರವಿಲ್ಲ. ಸ್ಪೀಕರಿನಿಂದ ಮಾತ್ರ ನೆಲಕ್ಕೆ ಉಳಿದ ಅಡಿಗಳ ಎಣಿಕೆ: ಫಿಫ್ಟಿ, ಫಾರ್ಟಿ, ಥರ್ಟಿ.

ಚಕ್ರ ನೆಲ ಮುಟ್ಟಿದ ಕೂಡಲೇ ಕ್ಯಾಪ್ಟನ್ ನೋಡುವುದು ರನ್‌ವೇಯನ್ನಲ್ಲ, ಒಂದು ಸಂಖ್ಯೆಯನ್ನು. ಮುಟ್ಟುವಾಗ ನಿಮಿಷಕ್ಕೆ ಎಷ್ಟು ಅಡಿ ವೇಗದಲ್ಲಿ ಇಳಿಯುತ್ತಿತ್ತು ಅನ್ನುವ ಸಂಖ್ಯೆ. 100ಕ್ಕಿಂತ ಕಮ್ಮಿ ಇದ್ದರೆ ಬಟರ್, ಅಂದರೆ ಬೆಣ್ಣೆಯಷ್ಟು ನಯವಾಗಿ ಇಳಿಸಿದ ಹಾಗೆ. ಫೋಟೋ ತೆಗೆದು ಹಂಚಬೇಕು. ಆ ಬೆಣ್ಣೆಗಾಗಿ ಅರ್ಧ ರನ್‌ವೇ ತೇಲಿಕೊಂಡೇ ಹೋಗಿರುತ್ತಾರೆ. ನಿಜವಾದ ಪೈಲಟ್‌ಗಳಿಗೆ ಕಲಿಸುವುದು ಇದರ ತದ್ವಿರುದ್ಧ: ಸರಿಯಾದ ಜಾಗದಲ್ಲಿ ಇಳಿಸು, ರನ್‌ವೇ ಒದ್ದೆಯಿದ್ದರೆ ಗಟ್ಟಿಯಾಗಿಯೇ ಇಳಿಸು. ಪರದೆಯ ಅಕ್ಷರದ ಆಕಾರ ಒಂದು ಪಿಕ್ಸೆಲ್ ತಪ್ಪಿದರೆ ತಯಾರಕರಿಗೆ ದೂರು ಬರೆಯುವ ಜನ ಈ ಒಂದು ವಿಷಯದಲ್ಲಿ ಮಾತ್ರ ನೈಜತೆಗೆ ರಜೆ ಕೊಟ್ಟಿದ್ದಾರೆ. ಇದೂ ಇಳಿದರೆ ತಾನೇ. ನೆಲಕ್ಕೆ 200 ಅಡಿ ಇರುವಾಗ ಕಂಪ್ಯೂಟರಿನ ಮೆಮೊರಿ ಸಾಕಾಗದೆ ಸಿಮ್ಯುಲೇಟರೇ ಮುಚ್ಚಿಕೊಂಡು, ಎದುರಿಗೆ ಡೆಸ್ಕ್‌ಟಾಪಿನ ವಾಲ್‌ಪೇಪರ್ ಬಂದು ಕೂರುವುದೂ ಉಂಟು. ಇದಕ್ಕೆ ಮಾತ್ರ ಯಾವ ಚೆಕ್‌ಲಿಸ್ಟೂ ಇಲ್ಲ.

ಇಷ್ಟಾದರೂ ಹವ್ಯಾಸ ಅಂತ ಬಿಟ್ಟುಬಿಡಬಹುದಿತ್ತು. ಆದರೆ ವರ್ಚುವಲ್ ಏರ್‌ಲೈನ್‌ಗಳಿವೆ, ಅಂದರೆ ಈ ಹವ್ಯಾಸಿಗಳೇ ಕಟ್ಟಿಕೊಂಡ, ಕಂಪ್ಯೂಟರಿನಲ್ಲಷ್ಟೇ ಇರುವ ವಿಮಾನ ಕಂಪನಿಗಳು. ಸೇರಲು ಅರ್ಜಿ ಹಾಕಬೇಕು, ಕೆಲವು ಕಡೆ ಪರೀಕ್ಷೆ ಬರೆಯಬೇಕು. ಸೇರಿದ ಮೇಲೆ ಕೆಳಗಿನ ದರ್ಜೆ. ಗಂಟೆಗಳು ಕೂಡಿದ ಹಾಗೆ ಬಡ್ತಿ, ಭುಜಕ್ಕೆ ಪಟ್ಟಿ, ಅದೂ ಪರದೆಯ ಮೇಲೆ. ಪ್ರತಿ ಹಾರಾಟಕ್ಕೂ ವರದಿ ಸಲ್ಲಿಸಬೇಕು, ಯಾರೋ ಕೂತು ಪರಿಶೀಲಿಸುತ್ತಾರೆ. ಜೋರಾಗಿ ಇಳಿಸಿದ್ದರೆ ವರದಿ ತಿರಸ್ಕೃತವಾದರೂ ಆದೀತು. ಕೆಲವು ಕಡೆ ವಿಮಾನವನ್ನು ಯಾವ ಊರಿನಲ್ಲಿ ನಿಲ್ಲಿಸಿದ್ದೀರೋ ಅಲ್ಲಿಂದಲೇ ಮುಂದಿನ ಹಾರಾಟ. ಹಾಗಾಗಿ 14 ಗಂಟೆ ಹೋದವರು 14 ಗಂಟೆ ವಾಪಸ್ ಬರಲೇಬೇಕು. ಬೆಳಗ್ಗೆ ಆಫೀಸಿನಲ್ಲಿ ಟೈಮ್‌ಶೀಟ್ ತುಂಬಿಸಲು ಹಲ್ಲು ಕಡಿಯುವವರು ರಾತ್ರಿ ಈ ವರದಿಯ ಒಂದೊಂದು ಖಾನೆಯನ್ನೂ ಪ್ರೀತಿಯಿಂದ ತುಂಬುತ್ತಾರೆ.

ಕೆಲವು ಸಮಯ ಹಾರದಿದ್ದರೆ ಕೆಲಸದಿಂದ ತೆಗೆಯುತ್ತಾರೆ. ಆದ್ದರಿಂದ ಹಾರಲು ಆಗದವರು ಮೊದಲೇ ರಜೆ ಅರ್ಜಿ ಹಾಕಬೇಕು. ಅದರಲ್ಲಿ ಕಾರಣ ಬರೆಯುವ ಖಾನೆ ಇರುತ್ತದೆ. ಹೆಚ್ಚಿನವರು ಬರೆಯುವುದು ಒಂದೇ: "ಆಫೀಸಿನಲ್ಲಿ ಕೆಲಸ ಜಾಸ್ತಿ." ಎಷ್ಟೋ ಹೊತ್ತಿನ ಮೇಲೆ ಮೇಲಧಿಕಾರಿಯ ಉತ್ತರ ಬರುತ್ತದೆ. ಅವರೂ ತಮ್ಮ ಆಫೀಸಿನ ಕೆಲಸದ ನಡುವೆ, ಬಾಸ್ ಕಣ್ಣು ತಪ್ಪಿಸಿ ಕಳಿಸಿದ್ದು. ರಜೆ ಮಂಜೂರಾಗಿದೆ, ತಿಂಗಳೊಳಗೆ ಬರದಿದ್ದರೆ ಮತ್ತೆ ಪರೀಕ್ಷೆ ಬರೆಯಬೇಕು.