ಇಂಜಿನ್ ಬಗ್ಗೆ ಯಾರೂ ಮಾತಾಡಲ್ಲ ಯಾಕೆ?

ನಿನ್ನೆ ಸಂಜೆ ತುಮಕೂರಿನ ಗುಬ್ಬಿ ಗೇಟ್ ಹತ್ತಿರ ಟೀ ಕುಡಿಯುತ್ತಾ ನಿಂತಿದ್ದೆ. ಪಕ್ಕದಲ್ಲಿ ಇಬ್ಬರು ಹುಡುಗರು ಮೊಬೈಲ್ ಹಿಡಿದು ಜೋರು ವಾದ. "ಪಾಕಿಸ್ತಾನದ ಜೆಎಫ್-17 ಯುದ್ಧವಿಮಾನ ಮ್ಯಾನ್ಮಾರ್, ನೈಜೀರಿಯಾ, ಅಜರ್‌ಬೈಜಾನ್ ಎಲ್ಲಾ ಕಡೆ ಹೋಯ್ತು. ನಮ್ಮ ತೇಜಸ್‌ನ ಒಬ್ಬರೂ ತಗೊಂಡಿಲ್ಲ" ಅಂತ ಒಬ್ಬ. "ಅವರದ್ದು ಚೀನಾ ಮಾಲು ಕಣೋ, ನಮ್ಮದು ಪಕ್ಕಾ ಸ್ವದೇಶಿ" ಅಂತ ಇನ್ನೊಬ್ಬ. ಆಮೇಲೆ 2025ರ ನವೆಂಬರ್ 21ರಂದು ದುಬೈ ಏರ್ ಶೋದಲ್ಲಿ ತೇಜಸ್ ಬಿದ್ದ ವಿಡಿಯೋ ಹಾಕಿದರು. ಒಂದಲ್ಲ, ಮೂರು ಸಲ. ಅದರೊಳಗೆ ವಿಂಗ್ ಕಮಾಂಡರ್ ನಮಾಂಶ್ ಸ್ಯಾಲ್ ಇದ್ದರು. ಅವರ ಹೆಸರನ್ನು ಒಬ್ಬನೂ ಎತ್ತಲಿಲ್ಲ. ನನಗೆ ಟೀ ಗಂಟಲಲ್ಲಿ ಇಳಿಯಲಿಲ್ಲ.

ಅರ್ಧ ಗಂಟೆಯ ಆ ವಾದದಲ್ಲಿ ಇಂಜಿನ್ ಅನ್ನೋ ಮಾತೂ ಬರಲಿಲ್ಲ.

ಇಲ್ಲೇ ಅಂತರಸನಹಳ್ಳಿಯಲ್ಲಿ ಇಷ್ಟು ವರ್ಷದಿಂದ ಲೋಹ ಕಡೆಯುವ ಲೇಥ್, ಸಿಎನ್‌ಸಿ ಯಂತ್ರಗಳ ಮುಂದೆ ನಿಂತವನು ನಾನು. ಅದಕ್ಕೇ ಇದು ತಲೆಯಿಂದ ಹೋಗಲ್ಲ. ತೇಜಸ್‌ನಲ್ಲಿರುವುದು ಅಮೆರಿಕದ ಜಿಇ ಕಂಪನಿಯ ಎಫ್404. ಜೆಎಫ್-17ರಲ್ಲಿರುವುದು ರಷ್ಯಾದ ಆರ್‌ಡಿ-93. ಇಬ್ಬರೂ ನಮ್ಮದು ನಮ್ಮದು ಅಂತ ಎದೆ ತಟ್ಟಿಕೊಳ್ಳುತ್ತೇವೆ. ಇಬ್ಬರ ಕೀಲಿಯೂ ಬೇರೆಯವರ ಜೇಬಲ್ಲಿದೆ. 2021ರಲ್ಲಿ ನಮ್ಮ ವಾಯುಪಡೆಗೆ 83 ತೇಜಸ್ ಮಾರ್ಕ್-1ಎ ಆರ್ಡರ್ ಆಯಿತು. ಅದೇ ವರ್ಷ 99 ಇಂಜಿನ್‌ಗೂ ಆರ್ಡರ್ ಹೋಯಿತು. ಅದರಲ್ಲಿ ಮೊದಲನೆಯದು ಸಿಕ್ಕಿದ್ದು 2025ರ ಮಾರ್ಚ್‌ನಲ್ಲಿ! ನಮ್ಮ ವಾಯುಪಡೆಗೇ ಹೊತ್ತಿಗೆ ಸರಿಯಾಗಿ ಕೊಡಲು ಆಗದಿದ್ದರೆ ಹೊರಗಿನವರು ಯಾವ ಧೈರ್ಯದ ಮೇಲೆ ಅಡ್ವಾನ್ಸ್ ಕೊಡುತ್ತಾರೆ?

ದಕ್ಷಿಣ ಕೊರಿಯಾದ ಎಫ್‌ಎ-50 ವಿಮಾನಕ್ಕೂ ಇದೇ ಎಫ್404, ಮಲೇಷ್ಯಾ 2023ರಲ್ಲಿ ತೇಜಸ್ ಬಿಟ್ಟು ಅದನ್ನೇ 18 ತಗೊಂಡಿಲ್ವಾ ಅಂತ ಕೆಲವರು ಕೇಳುತ್ತಾರೆ. ಸ್ವೀಡನ್ನಿನ ಗ್ರಿಪೆನ್‌ಗೂ ಅಮೆರಿಕದ ಇಂಜಿನ್ನೇ, ಬ್ರೆಜಿಲ್ ಕೊಂಡಿಲ್ವಾ ಅಂತಾರೆ. ಕೊಂಡಿದೆ, ನಿಜ. ಅಮೆರಿಕ ಹೂಂ ಅಂದಿದ್ದಕ್ಕೆ ಕೊಂಡಿದೆ. ಇದೇ ಸ್ವೀಡನ್ ಎಪ್ಪತ್ತರ ದಶಕದಲ್ಲಿ ನಮಗೇ ವಿಗ್ಗೆನ್ ಅನ್ನೋ ವಿಮಾನ ಮಾರಲು ಬಂದಿತ್ತು. ಅದರ ಇಂಜಿನ್ನಿನ ಮೂಲ ಅಮೆರಿಕದ್ದು. 1978ರಲ್ಲಿ ಅಮೆರಿಕ ಆಗಲ್ಲ ಅಂದಿತು, ಅಲ್ಲಿಗೆ ವ್ಯಾಪಾರ ಮುಗಿಯಿತು. ನಾವು ಜಾಗ್ವಾರ್ ತಗೊಂಡೆವು. ನಾಳೆ ನಾವು ತೇಜಸ್ ಮಾರಲು ಹೋದಾಗಲೂ ಇಂಜಿನ್ ಕೊಟ್ಟವನ ಒಪ್ಪಿಗೆ ಬೇಕೇ ಬೇಕು.

ಇದು ನಮಗೆ ಹೊಸದೂ ಅಲ್ಲ. 1961ರಲ್ಲಿ ಬೆಂಗಳೂರಲ್ಲಿ ಮಾರುತ್ ಹಾರಿತು. ಜರ್ಮನಿಯ ಕುರ್ಟ್ ಟ್ಯಾಂಕ್ ನಮ್ಮ ಎಚ್‌ಎಎಲ್‌ನವರ ಜೊತೆ ಕೂತು ಮಾಡಿದ ವಿಮಾನ. ಶಬ್ದದ ಎರಡರಷ್ಟು ವೇಗ ಗುರಿ ಇತ್ತು. ತಕ್ಕ ಇಂಜಿನ್ ಕೊನೆಗೂ ಸಿಗಲಿಲ್ಲ. 1989ರಲ್ಲಿ ತೇಜಸ್‌ಗೆ ಅಂತ ನಾವೇ ಮಾಡಲು ಹೊರಟ ಕಾವೇರಿ ಇಂಜಿನ್‌ಗೆ ಒಪ್ಪಿಗೆ ಸಿಕ್ಕಿತು, 2008ರಲ್ಲಿ ಅದನ್ನು ತೇಜಸ್‌ನಿಂದ ಬೇರೆ ಮಾಡಿದರು.

ಈಗ ಒಂದು ಮಾತು ಒಪ್ಪಿಕೊಳ್ಳುತ್ತೇನೆ. "ಇಷ್ಟು ವರ್ಷದಿಂದ ಇವರೇನು ಮಾಡ್ತಿದ್ದಾರೆ, ಒಂದು ಇಂಜಿನ್ ಮಾಡಕ್ಕಾಗಲ್ವಾ?" ಅಂತ ನಾನೂ ಬೈದವನೇ. ನಮ್ಮ ಶೆಡ್‌ಗೆ ಇನ್ಕೊನೆಲ್ ಜಾಬ್ ಬರುವವರೆಗೆ. ಜೆಟ್ ಇಂಜಿನ್ನಿನ ಬಿಸಿ ಜಾಗಕ್ಕೆ ಹಾಕುವಂಥ ನಿಕ್ಕಲ್ ಮಿಶ್ರಲೋಹ ಅದು. ಮಾಮೂಲಿ ಮೈಲ್ಡ್ ಸ್ಟೀಲ್‌ನಲ್ಲಿ ಆರಾಮಾಗಿ ಓಡುವ ಇನ್ಸರ್ಟ್, ಅಂದರೆ ಟೂಲಿನ ಕತ್ತರಿಸುವ ತುದಿ, ಇದರಲ್ಲಿ ಕೆಲವೇ ನಿಮಿಷಕ್ಕೆ ಮೂತಿ ಮುರಿದುಕೊಂಡಿತು. ಟೂಲ್ ಒಂದು ಕ್ಷಣ ಕಚ್ಚದೆ ಉಜ್ಜಿದರೆ ಸಾಕು, ಆ ಜಾಗ ಇನ್ನಷ್ಟು ಗಟ್ಟಿಯಾಗಿ ಕೂರುತ್ತೆ. ಕೂಲೆಂಟ್ ಸುರಿದೂ ಸುರಿದೂ ಹನ್ನೊಂದು ಪೀಸಲ್ಲಿ ನಾಲ್ಕು ರಿಜೆಕ್ಟ್ ಆದವು. ಅದು ಬರೀ ಒಂದು ಬುಷ್ ಕಣ್ರೀ! ಟರ್ಬೈನ್ ಬ್ಲೇಡ್ ಅಂದರೆ ಇಡೀ ಬ್ಲೇಡನ್ನು ಒಂದೇ ಹರಳಾಗಿ ಬೆಳೆಸಬೇಕು. ಅದರ ಸುತ್ತ ನುಗ್ಗುವ ಗ್ಯಾಸಿನ ಬಿಸಿ, ಆ ಲೋಹ ಕರಗುವ ಬಿಸಿಗಿಂತ ಜಾಸ್ತಿ. ಒಳಗಿನ ಸಣ್ಣ ಸಣ್ಣ ತೂತುಗಳಲ್ಲಿ ಗಾಳಿ ಹಾಯಿಸಿ ಅದನ್ನು ಉಳಿಸಬೇಕು. ಆ ನಾಲ್ಕು ಪೀಸ್ ಕೈಯಲ್ಲಿ ಹಿಡಿದುಕೊಂಡು ಕೂತ ರಾತ್ರಿ ಬೈದಿದ್ದಕ್ಕೆಲ್ಲ ನಾಚಿಕೆಯಾಯಿತು.

ದುಡ್ಡು ಅಲ್ಲಿಗೆ ಹೋಗಬೇಕು. ಇಂಜಿನ್ ಓಡಿಸಿ ನೋಡುವ ಟೆಸ್ಟ್ ಬೆಡ್‌ಗೆ, ಲೋಹಕ್ಕೆ, ಹತ್ತು ಸಲ ಸುಟ್ಟು ಹೋದರೂ ಹನ್ನೊಂದನೇ ಸಲ ಮಾಡುವವರಿಗೆ. ಇಲ್ಲೇ ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಎದ್ದಿದೆ, 2023ರಲ್ಲಿ ಉದ್ಘಾಟನೆ ಆಯಿತು. ಆ ದಾರಿಯಲ್ಲಿ ಹೋಗುವಾಗೆಲ್ಲ ಎದೆ ತುಂಬುತ್ತೆ. ಅದರ ಜೊತೆಗೇ, ಇಂಜಿನ್ ಪೂರ್ತಿ ನಮ್ಮದಾಗುವುದು ಯಾವಾಗ ಅನ್ನೋ ಸಂಕಟವೂ ಆಗುತ್ತೆ.

ಟೀ ಲೋಟ ಇಟ್ಟು ಆ ಹುಡುಗರನ್ನು ಮಾತಾಡಿಸಿದೆ. ಒಬ್ಬ ಡಿಪ್ಲೊಮಾ ಮೆಕ್ಯಾನಿಕಲ್ ಅಂತೆ, ಕೊನೇ ವರ್ಷ. ಇನ್ಕೊನೆಲ್ ಹೆಸರು ಪುಸ್ತಕದಲ್ಲಿ ಓದಿದ್ದಾನೆ, ಮುಟ್ಟಿಲ್ಲ. ಸೋಮವಾರ ಶೆಡ್‌ಗೆ ಬಾ ಅಂದಿದ್ದೇನೆ. ಒಂದು ತುಂಡು ಉಳಿದಿದೆ. ಅವನ ಕೈಯಿಂದಲೇ ಲೇಥ್‌ನ ಚಕ್‌ಗೆ ಹಾಕಿಸುತ್ತೇನೆ. ಎರಡು ಇನ್ಸರ್ಟ್ ಹೋದರೆ ಹೋಗಲಿ.